ಸ್ಕಾಲರ್‌ಶಿಪ್ ದುಡ್ಡು ಮನೆಗೆ ಕೊಡಲಾ, ಸಂಜೆ ಕೆಲಸ ಬಿಟ್ಟು ಓದಿಕೊಳ್ಳಲಾ?

ಹರಪನಹಳ್ಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಎಸ್ಸಿ ಮೊದಲ ವರ್ಷ ಓದುತ್ತಿದ್ದೇನೆ. ಊರು ಹರಪನಹಳ್ಳಿ ಹತ್ತಿರ. ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿಯಲ್ಲೇ ಓದಿದ್ದರಿಂದ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೆ ಹಾಕಿದ್ದೆ, ಸಿಕ್ಕಿತು. ವರ್ಷಕ್ಕೆ 30,000, ಎರಡು ಕಂತು. ಮೊದಲ ಕಂತು ಹೋದ ವಾರ ಬಂತು. ಮೆಸೇಜ್‌ನಲ್ಲಿ ಸೊನ್ನೆ ಎಷ್ಟಿದೆ ಅಂತ ನಾಲ್ಕು ಸಲ ಎಣಿಸಿದೆ, ನಗಬೇಡಿ.

ಹಾಸ್ಟೆಲ್ ಸೀಟು ಸಿಗಲಿಲ್ಲ, ನಾಲ್ಕು ಜನ ಸೇರಿ ರೂಮ್ ಮಾಡಿದ್ದೇವೆ. ಬಾಡಿಗೆ, ಊಟಕ್ಕೆ ಅಂತ ಸಂಜೆ 5ರಿಂದ 9ರವರೆಗೆ ಒಂದು ಬಟ್ಟೆ ಅಂಗಡಿಗೆ ಹೋಗುತ್ತೇನೆ, ತಿಂಗಳಿಗೆ 4,500 ಕೊಡುತ್ತಾರೆ. ಬೆಳಗ್ಗೆ ಲ್ಯಾಬ್‌ನಲ್ಲಿ ನಿಂತು, ಸಂಜೆ ಅಂಗಡಿಯಲ್ಲಿ ನಿಂತು, ರಾತ್ರಿ ರೆಕಾರ್ಡ್ ಬರೆಯುವಾಗ ಅಕ್ಷರ ಎಲ್ಲೆಲ್ಲೋ ಹೋಗಿರುತ್ತದೆ. ಈ ದುಡ್ಡು ಬಂದರೆ ಕೆಲಸ ಬಿಡಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಅಷ್ಟರಲ್ಲಿ ಅಪ್ಪ ಫೋನ್ ಮಾಡಿದರು. ಅಮ್ಮನ ಓಲೆ ಒತ್ತೆ ಇದೆ, ಮೆಕ್ಕೆಜೋಳ ಬಿತ್ತುವಾಗ ಇಟ್ಟಿದ್ದು. "ಹೆಂಗೂ ನೀನು ದುಡೀತಿಯಲ್ಲವ್ವಾ, ಈ ಸಲದ್ದು ಕಳಿಸು, ಬಿಡಿಸೋಣ" ಅಂದರು. ಜೋರು ಮಾಡಲಿಲ್ಲ, ಅದಕ್ಕೇ ಕಷ್ಟ. ಬೈದಿದ್ದರೆ ನಾನೂ ಬೈದು ಇಡುತ್ತಿದ್ದೆ.

ಸ್ಕಾಲರ್‌ಶಿಪ್ ತಗೊಂಡು ಓದಿದವರು ಹೇಳಿ, ನೀವು ಆ ದುಡ್ಡು ಏನು ಮಾಡಿದಿರಿ? ಅದರಿಂದ ನಿಮ್ಮ ಕಾಲೇಜು ದಿನಗಳಲ್ಲಿ ನಿಜವಾಗಲೂ ಏನಾದರೂ ಬದಲಾಯಿತಾ, ಅಥವಾ ಬಂದ ಹಾಗೆ ಹೋಯಿತಾ?

ಮೆಸ್ ಬಾಕಿದಾರ

ತಂಗೀ, ನಾನು ಹುಬ್ಬಳ್ಳಿಯಲ್ಲಿ ಬಿಇ ಮಾಡಿದವನು. ಸ್ಕಾಲರ್‌ಶಿಪ್ ಇತ್ತು, ಯಾವುದು ಅಂತ ಬೇಡ. ಲೆಕ್ಕ ತಿಂಗಳಿನದ್ದು, ಆದರೆ ನನ್ನ ಕೈಗೆ ಬಂದದ್ದು ಪರೀಕ್ಷೆ ಮುಗಿದ ಮೇಲೆ, ಒಟ್ಟಿಗೆ. ಅಲ್ಲಿವರೆಗೆ ಮೆಸ್ ಅಜ್ಜಿ ಪುಸ್ತಕದಲ್ಲಿ ಬರೆದುಕೊಂಡೇ ಊಟ ಹಾಕಿದರು. ಬಾಕಿ ಇದ್ದಾಗ ಎರಡನೇ ಸಲ ಸಾರು ಕೇಳೋದಕ್ಕೂ ಬಾಯಿ ಬರುತ್ತಿರಲಿಲ್ಲ. ಅಜ್ಜಿ ಏನೂ ಅನ್ನುತ್ತಿರಲಿಲ್ಲ, ನನಗೇ ಹಾಗೆ. ಕ್ಲಾಸಿನವರು ಟೂರ್‌ಗೆ ಹೊರಟಾಗ ಜ್ವರ ಅಂತ ಸುಳ್ಳು ಹೇಳಿ ರೂಮಿನಲ್ಲಿ ಮಲಗಿದ್ದೆ.

ದುಡ್ಡು ಬಂದ ದಿನ ಮೆಸ್ ಬಾಕಿ ತೀರಿಸಿ ಉಳಿದದ್ದನ್ನು ಪೂರ್ತಿ ಮನೆಗೆ ಕೊಟ್ಟೆ. ಎಮ್ಮೆ ತಂದರು. ಆ ಎಮ್ಮೆಯ ಹಾಲಿನಿಂದಲೇ ನನ್ನ ತಂಗಿಯ ಪಿಯುಸಿ ಆಯಿತು, ಹಾಗಾಗಿ ತಪ್ಪು ಮಾಡಿದೆ ಅನ್ನಲಾರೆ. ಆದರೆ ಕೇಟರಿಂಗ್‌ನವರ ಜೊತೆ ಮದುವೆಗಳಲ್ಲಿ ಬಡಿಸೋ ಕೆಲಸ ಮುಂದುವರಿಯಿತು, ಮೂರನೇ ಸೆಮಿಸ್ಟರ್ ಮ್ಯಾತ್ಸ್ ಎರಡು ಸಲ ಹೋಯಿತು. ಎಮ್ಮೆ ಲೆಕ್ಕಕ್ಕೆ ಸಿಗುತ್ತದೆ, ಮ್ಯಾತ್ಸ್ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಒಂದು ಲಾಭ ಮಾತ್ರ ಆಯಿತು. ನಾಡಕಚೇರಿ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಬ್ಯಾಂಕು, ಕಾಲೇಜು ಆಫೀಸು ಅಂತ ಓಡಾಡಿ ಓಡಾಡಿ ಕೌಂಟರ್ ಮುಂದೆ ನಿಂತು ಮಾತಾಡೋ ಧೈರ್ಯ ಬಂತು. ಕೊನೇ ವರ್ಷದಲ್ಲಿ ಜೂನಿಯರ್‌ಗಳ ಅರ್ಜಿಗಳನ್ನೆಲ್ಲ ನಾನೇ ತುಂಬುತ್ತಿದ್ದೆ.

ನೇರ ಮಾತು

ಮೊದಲು ಓಲೆ ಬಿಡಿಸು. ಬಡ್ಡಿ ರಾತ್ರಿ ಹೊತ್ತೂ ಮಲಗುವುದಿಲ್ಲ. ಓದು ಹೇಗಾದರೂ ಆಗುತ್ತದೆ, ನಾವೆಲ್ಲ ದುಡಿದುಕೊಂಡೇ ಓದಲಿಲ್ವಾ?

ಬಾಟನಿ ಮೇಡಂ

"ಹೇಗಾದರೂ ಆಗುತ್ತದೆ" ಅಂತ ಹೇಳೋದು ಸುಲಭ. ನಾನು ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾಲ್ಕೂಮುಕ್ಕಾಲಿಗೆ ಮೈಕ್ರೋಸ್ಕೋಪ್ ಬಿಟ್ಟು ಗಡಿಯಾರ ನೋಡೋ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರು ಫೇಲಾಗುವುದಿಲ್ಲ, ಪಾಸಾಗುತ್ತಾರೆ. ಆದರೆ ಪ್ರಶ್ನೆ ಕೇಳುವುದಿಲ್ಲ, ಯಾಕೆಂದರೆ ಪ್ರಶ್ನೆ ಕೇಳಿದರೆ ಇನ್ನೂ ಹತ್ತು ನಿಮಿಷ ನಿಲ್ಲಬೇಕಾಗುತ್ತದೆ. ಎರಡು ವರ್ಷದ ಹಿಂದೆ ಹೀಗೇ ಮೆಡಿಕಲ್ ಶಾಪಿಗೆ ಹೋಗುತ್ತಿದ್ದ ಹುಡುಗಿ ಸ್ಕಾಲರ್‌ಶಿಪ್ ಬಂದ ಮೇಲೆ ಕೆಲಸ ಬಿಟ್ಟಳು. ಮೊದಲ ವಾರ ಸಂಜೆ ಏನು ಮಾಡಬೇಕು ಅಂತಾನೇ ಗೊತ್ತಾಗದೆ ಲೈಬ್ರರಿಯಲ್ಲಿ ಸುಮ್ನೆ ಪೇಪರ್ ಓದುತ್ತಾ ಕೂರುತ್ತಿದ್ದಳು. ಆಮೇಲೆ ಶುರುವಾಯಿತು ನೋಡಿ, ಮೇಡಂ ಈ ಶಿಲೀಂಧ್ರ ಯಾಕೆ ಇಲ್ಲೇ ಬೆಳೆಯುತ್ತದೆ, ಎಂಎಸ್ಸಿಗೆ ಎಲ್ಲೆಲ್ಲಿ ಎಂಟ್ರೆನ್ಸ್ ಇದೆ, ನನಗೇ ತಲೆ ತಿನ್ನುವಷ್ಟು. ಅಂಕ ಜಾಸ್ತಿ ಬಂದದ್ದು ದೊಡ್ಡ ವಿಷಯವಲ್ಲ, ಸಂಜೆ ಅವಳದ್ದಾಯಿತು.

ಹರಪನಹಳ್ಳಿ ಹುಡುಗಿ, ಲೆಕ್ಕ ಹಾಕು. 30,000ವನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 3,000. ಅಂಗಡಿಯ 4,500ಕ್ಕೆ ಇನ್ನೂ 1,500 ಕಡಿಮೆ. ನೀನು ಹಿಂದುಳಿದ ವರ್ಗದವಳಾದರೆ ವಿದ್ಯಾಸಿರಿ ಅಂತ ಇದೆ, ಹಾಸ್ಟೆಲ್ ಸಿಗದೆ ಹೊರಗೆ ಇರುವವರ ಊಟ, ವಸತಿಗೇ ಕೊಡುವುದು. ಅದೂ ತಿಂಗಳಿಗೆ 1,500ರಂತೆ ಹತ್ತು ತಿಂಗಳು! ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಎರಡೂ ಒಟ್ಟಿಗೆ ತಗೊಳ್ಳಬಹುದಾ ಅಂತ ಷರತ್ತು ಓದಿಕೊಂಡು ಹಾಕು. ಕೇಂದ್ರ ಸರ್ಕಾರದ ಡಿಗ್ರಿ ಸ್ಕಾಲರ್‌ಶಿಪ್ ವರ್ಷಕ್ಕೆ 12,000 ಇದೆ, ಅದರಲ್ಲಿ ಬೇರೆ ಸ್ಕಾಲರ್‌ಶಿಪ್ ಇದ್ದರೆ ಇಲ್ಲ ಅನ್ನುತ್ತಾರೆ. ಇನ್ನೊಂದು, ಖಾತೆಗೆ ಆಧಾರ್ ಕೊಟ್ಟಿದ್ದೇನೆ ಅಂತ ಸುಮ್ಮನಿರಬೇಡ. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಬರೋದಕ್ಕೆ ಆಧಾರ್ ಜೋಡಣೆ, ಯಾವ ಬ್ಯಾಂಕಿಗೆ ಆಗಿದೆ ಅಂತ ಕೇಳು. ಸರ್ಕಾರ ನೇರ ಖಾತೆಗೆ ಹಾಕುವ ಡಿಬಿಟಿ ದುಡ್ಡು ಕೊನೆಯದಾಗಿ ಮ್ಯಾಪ್ ಆದ ಖಾತೆಗೆ ಹೋಗುತ್ತದೆ. ಹಳೇ ಖಾತೆಯಲ್ಲಿ ದುಡ್ಡು ಬಿದ್ದಿದ್ದರೂ ಗೊತ್ತಾಗದೆ ಅತ್ತುಕೊಂಡು ಬಂದವರನ್ನು ನೋಡಿದ್ದೇನೆ.

ಕಟ್ಟೆ ರಾಯರು

ನನ್ನ ವಯಸ್ಸು 71, ಇಲ್ಲಿ ಬರೆಯಬಹುದೋ ಇಲ್ಲವೋ. ನಮ್ಮ ತಂದೆ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆ. ಗುರುವಾರದ ಮನೆಯವರು ಊರಿಗೆ ಹೋದರೆ ಅವತ್ತು ಏಕಾದಶಿ. ಊಟ ಚೆನ್ನಾಗಿತ್ತು ಅಂತಲೇ ಹೇಳುತ್ತಿದ್ದರು. ಆದರೆ ಒಂದು ಮನೆಯಲ್ಲಿ ಎರಡು ಕೊಡ ನೀರು ಸೇದಿಟ್ಟ ಮೇಲೇ ಎಲೆ ಹಾಕುತ್ತಿದ್ದರಂತೆ, ಅದನ್ನು ಎಂಬತ್ತು ದಾಟಿದ ಮೇಲೂ ಮರೆಯಲಿಲ್ಲ. ಅದೂ ಎಲ್ಲ ಜಾತಿಯ ಹುಡುಗರಿಗೆ ಸಿಗುತ್ತಿದ್ದ ಅನ್ನವಲ್ಲ, ಆ ಮಾತನ್ನೂ ಹೇಳಿಬಿಡಬೇಕು.

ಅಂಬೇಡ್ಕರ್ ಅವರೇ 1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಕೊಲಂಬಿಯಾಕ್ಕೆ ಹೋದಾಗ, ಓದಿ ಬಂದು ಹತ್ತು ವರ್ಷ ಸಂಸ್ಥಾನದಲ್ಲಿ ಕೆಲಸ ಮಾಡುತ್ತೇನೆ ಅಂತ ಬರೆದುಕೊಟ್ಟಿದ್ದರು. ನಿನಗೆ ಮಗಳೇ, ನೀರು ಸೇದುವ ಹಾಗಿಲ್ಲ, ಯಾರ ಜಗುಲಿಯಲ್ಲೂ ಕಾಯುವ ಹಾಗಿಲ್ಲ. ನಿನ್ನ ಹೆಸರಿನ ಖಾತೆಗೇ ಬಂದಿದೆ. ಓದಲಿಕ್ಕೆ ಅಂತ ಕೊಟ್ಟದ್ದನ್ನು ಓದಿಗೇ ಹಾಕಿದರೆ ಅಪ್ಪನಿಗೆ ಎದುರಾಡಿದ ಹಾಗೆ ಆಗುವುದಿಲ್ಲ.

ನೇರ ಮಾತು

ರಾಯರೇ, ಒಪ್ಪಿದೆ. ಆದರೆ ಬಡ್ಡಿಯ ಮಾತು ವಾಪಸ್ ತಗೊಳ್ಳಲ್ಲ. ಬಡ್ಡಿ ಮಾತ್ರ ಕಟ್ಟಿ ಓಲೆಯ ಸಾಲವನ್ನು ಒಂದು ವರ್ಷ ಮುಂದೆ ಹಾಕಲು ಆಗುತ್ತದಾ ಕೇಳಿ, ಕೆಲವು ಕಡೆ ಒಪ್ಪುತ್ತಾರೆ.

ಹರಪನಹಳ್ಳಿ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ನೇರ ಮಾತು ಅಣ್ಣ ಹೇಳಿದ್ದೇ ಕೆಲಸಕ್ಕೆ ಬಂತು, ಬಡ್ಡಿ ಕಟ್ಟಿ ಮುಂದೆ ಹಾಕಿಕೊಡುತ್ತಾರಂತೆ, ಅದಕ್ಕೆ 2,000 ಕಳಿಸಿದೆ. ಅಪ್ಪನಿಗೆ ನಾನು ಹೇಳಲಿಲ್ಲ, ಅಮ್ಮನಿಗೆ ಹೇಳಿದೆ. ಅಂಗಡಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೇನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಲೆ ಹಾಕ್ಕೊಂಡು ನಾನು ಎಲ್ಲಿಗೆ ಹೋಗಬೇಕಾಗಿದೆ" ಅಂದರು.

ಮೇಡಂ, ಎಸ್‌ಎಸ್‌ಪಿಗೆ ಆದಾಯ ಪ್ರಮಾಣಪತ್ರ ಅಪ್ಪನ ಹೆಸರಿನದ್ದೇ ಆಗಬೇಕಾ? ಮತ್ತೆ ಅಂಗಡಿಯವರಿಗೆ ಎಷ್ಟು ದಿನ ಮುಂಚೆ ಹೇಳಬೇಕು, ಹಬ್ಬದ ಸೀಸನ್ ಬೇರೆ ಹತ್ತಿರ ಬಂತು, ಬಯ್ಯುತ್ತಾರೇನೋ.