ಥಾಮಂಡ್ ಪಾರ್ಕಿನಲ್ಲಿ ನಾದಸ್ವರ

(ಮನೆಯವರ ವಾಟ್ಸಾಪ್ ಗುಂಪಿನಲ್ಲಿ)

ಚಿಕ್ಕಮ್ಮ (ಫಾರ್ವರ್ಡ್): ಐರ್ಲೆಂಡಿನ ಲಿಮರಿಕ್ ನಗರದ ಥಾಮಂಡ್ ಪಾರ್ಕ್! 1978ರ ಅಕ್ಟೋಬರ್ 31ರಂದು ಮನ್‌ಸ್ಟರ್ ಪ್ರಾಂತ್ಯದ ರಗ್ಬಿ ತಂಡ ನ್ಯೂಜಿಲೆಂಡನ್ನು 12–0ಯಿಂದ ಬಗ್ಗುಬಡಿದಾಗ ಒಂದು ಲಕ್ಷ ಜನ ನೋಡುತ್ತಿದ್ದರು!! ಎದುರಾಳಿ ಗೋಲಿಗೆ ಒದೆಯಲು ನಿಂತರೂ ಅಲ್ಲಿ ಒಬ್ಬರೂ ಪಿಟಕ್ಕೆನ್ನುವುದಿಲ್ಲ!! ಹತ್ತು ಜನರಿಗೆ ಕಳಿಸಿ.

ಚಿಕ್ಕಮ್ಮ: ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಹೀಗಿದ್ದರೆ!

ಭಾವ: ಒಂದು ಲಕ್ಷವೇ? 2008ರಲ್ಲಿ ದೊಡ್ಡದು ಮಾಡಿದ ಮೇಲೂ ಅಲ್ಲಿ ಹಿಡಿಸುವುದು ಸುಮಾರು 25,600 ಜನ. ಆ ದಿನ ಇದ್ದವರು 12 ಸಾವಿರದಷ್ಟು. ‘ನಾನೂ ಅಲ್ಲಿದ್ದೆ’ ಎನ್ನುವವರು ಲಕ್ಷ ಮಂದಿ ಎಂಬುದು ಲಿಮರಿಕ್‌ನವರದೇ ತಮಾಷೆ. ಮೂಲ ಕಳಿಸಿ.

ಚಿಕ್ಕಮ್ಮ: ನನಗೆ ಬಂತು, ಕಳಿಸಿದೆ.

ದೊಡ್ಡಪ್ಪ: ಲೆಕ್ಕ ಬಿಡಿ. ಎದುರಾಳಿಗೂ ಮರ್ಯಾದೆ ಕೊಡುವ ಸಂಸ್ಕಾರ ನೋಡಿ. ಈಗಿನವರಿಗೆ ಅದೆಲ್ಲಿದೆ?

ಭಾವ: ಟ್ರೈಗೆ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ, ಐದು ಅಂಕ. 12 ಹೇಗೆ ಬಂತು?

ನಾನು: ಆಗ ನಾಲ್ಕೇ, ಭಾವ. ಕ್ರಿಸ್ಟಿ ಕ್ಯಾಂಟಿಲನ್ ಅವರ ಟ್ರೈ ನಾಲ್ಕು, ಟ್ರೈ ಆದ ಮೇಲಿನ ಒದೆತಕ್ಕೆ, ಅಂದರೆ ಟೋನಿ ವಾರ್ಡ್ ಅವರ ಕನ್ವರ್ಷನ್‌ಗೆ ಎರಡು, ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಒದ್ದ ಅವರದೇ ಎರಡು ಡ್ರಾಪ್ ಗೋಲಿಗೆ ಆರು. ಯುರೋಪಿನ ರಗ್ಬಿ ತಂಡಗಳ ಹೈನೆಕೆನ್ ಕಪ್‌ನಲ್ಲಂತೂ 1995ರಿಂದ 2007ರ ಜನವರಿಯವರೆಗೆ ಮನ್‌ಸ್ಟರ್ ಆ ಮೈದಾನದಲ್ಲಿ ಸೋತೇ ಇರಲಿಲ್ಲ.

(ನೀಲಿ ಟಿಕ್ ಬಂತು. ಓದಿದವರು ಯಾರೂ ಇಲ್ಲ.)

ತಮ್ಮ: ಅಕ್ಕನ ಲಿಮರಿಕ್ ಮನೆಗೆ ಹೋದ ವರ್ಷ ನೆನಪಿದೆಯೇ? ಪಂದ್ಯಕ್ಕೆ ಹೊರಟ ಕೆಂಪು ಅಂಗಿಯ ಮನ್‌ಸ್ಟರ್ ಅಭಿಮಾನಿಗಳ ಹಿಂದೆ ಮಳೆಯಲ್ಲೇ ನಡೆದದ್ದು, ದೊಡ್ಡಪ್ಪನ ಮಂಗನ ಟೋಪಿ!

ಅತ್ತಿಗೆ: ಟೋಪಿ ಇರಲಿ. ಎದುರಾಳಿ ಒದೆಯಲು ನಿಂತಿದ್ದ. ಪ್ಲಾಸ್ಟಿಕ್ ಕೋಟಿನ ಮೇಲೆ ಹನಿ ಬೀಳುವ ಸದ್ದು ಕೂಡ ಕೇಳುತ್ತಿತ್ತು. ಆಗ ಯಾರ ಜೇಬಿನಿಂದ ನಾದಸ್ವರ ಮೊಳಗಿತು?

ದೊಡ್ಡಪ್ಪ: ಹಳೆಯ ಮಾತು ಈಗ ಯಾಕೆ?

ಅತ್ತಿಗೆ: ಮುಂದಿನ ಸಾಲುಗಳೆಲ್ಲ ತಿರುಗಿ ನೋಡಿದವು. ನೀವು ನನ್ನತ್ತ ಕೈ ತೋರಿಸಿದಿರಿ, ದೊಡ್ಡ ಮಾವ.

ದೊಡ್ಡಪ್ಪ: ಹಿರಿಯರೊಂದಿಗೆ ಮಾತನಾಡುವ ರೀತಿಯೇ ಇದು?

ಭಾವ: ಚೆಂಡು ಕಂಬಗಳ ನಡುವೆ ಹೋಯಿತೇ?

ತಮ್ಮ: ಹೋಗಲಿಲ್ಲ. ಪಕ್ಕದ ಅಜ್ಜ ದೊಡ್ಡಪ್ಪನ ಬೆನ್ನು ತಟ್ಟಿದರು.

ಅತ್ತಿಗೆ: ಅಷ್ಟಕ್ಕೂ ಆ ಹೊತ್ತಿನಲ್ಲಿ ಕರೆ ಮಾಡಿದವರು ಯಾರು?

(ಚಿಕ್ಕಮ್ಮ ಟೈಪ್ ಮಾಡುತ್ತಿದ್ದಾರೆ. ನಿಲ್ಲಿಸಿದರು. ಮತ್ತೆ ಟೈಪ್ ಮಾಡುತ್ತಿದ್ದಾರೆ.)

ಚಿಕ್ಕಮ್ಮ: ಅನ್ನಕ್ಕೆ ಇಡಲೇ ಎಂದು ಕೇಳಲು ಮಾಡಿದ್ದೆ.