ಮರು: ‘ಪಾರ್ಲರ್’ – ಬೋರ್ಡಿಗೆ ಯಾವ ಪದ?

> ಅತ್ತಿಗೆ ಬ್ಯೂಟಿ ಪಾರ್ಲರ್ ಇಡ್ತಿದಾರೆ, ನಾಳೆ ಬೋರ್ಡ್ ಬರೆಯೋರು ಬರ್ತಾರೆ. ಪಾರ್ಲರ್‌ಗೆ ಒಳ್ಳೆ ಕನ್ನಡ ಪದ ಅರ್ಜೆಂಟಾಗಿ ಬೇಕು.

>> ‘ಪ್ರಲಾಪ’ದಿಂದ ಬಂದ ಪದ ಅದು. ಮೂಲ ಅರ್ಥ ಹಿಡಿದು ‘ಮಾತಿನಮನೆ’ ಅನ್ನಿ.

ಪ್ರಲಾಪದಿಂದ ಖಂಡಿತ ಅಲ್ಲ. ಪ, ರ, ಲ ಸಿಕ್ಕಿದ ಕೂಡ್ಲೇ ಸಂಸ್ಕೃತಕ್ಕೆ ಗಂಟು ಹಾಕೋದು ದಯವಿಟ್ಟು ಬಿಡಿ. ಮಾತಿಗೆ ಸಂಬಂಧ ಇದೆ ಅನ್ನೋದಷ್ಟೇ ನಿಜ. ಫ್ರೆಂಚಲ್ಲಿ ‘ಪಾರ್ಲೆ’ ಅಂದ್ರೆ ಮಾತಾಡು, ಅದರ ಹಿಂದೆ ಲ್ಯಾಟಿನ್ನಿನ ‘ಪರಬೊಲಾರೆ’, ಇನ್ನೂ ಹಿಂದೆ ಹೋದ್ರೆ ಗ್ರೀಕಿನ ‘ಪರಬೊಲೆ’, ಪಕ್ಕಕ್ಕೆ ಎಸೆಯೋದು ಅಂತ, ಅಂದ್ರೆ ಒಂದರ ಪಕ್ಕ ಇನ್ನೊಂದಿಟ್ಟು ಹೋಲಿಸೋದು. ಯೇಸು ಹೇಳಿದ ಸಾಮತಿಗಳಿಗೆ, ಅಂದ್ರೆ ನೀತಿ ಹೇಳೋ ಹೋಲಿಕೆಯ ಕತೆಗಳಿಗೆ, ಚರ್ಚಿನವರು ಇದೇ ಪದ ಬಳಸಿ ಬಳಸಿ ಅದು ಕೊನೆಗೆ ಬರೀ ‘ಮಾತು’ ಅಂತಾಯ್ತು. ಪಾರ್ಲಿಮೆಂಟು ಇದರದ್ದೇ ಕುಡಿ, ಪೆರೋಲೂ ಅಷ್ಟೇ, ವಾಪಸ್ ಬರ್ತೀನಿ ಅಂತ ಮಾತು ಕೊಟ್ಟು ಜೈಲಿಂದ ಹೊರಗೆ ಹೋಗೋದು.

ಪಾರ್ಲರ್ ಅಂದ್ರೆ ಮೊದಲು ಕ್ರೈಸ್ತ ಮಠಗಳ ಒಂದು ಕೋಣೆ. ಒಳಗೆಲ್ಲ ಮೌನದ ನಿಯಮ, ಹೊರಗಿಂದ ಯಾರಾದ್ರೂ ಬಂದ್ರೆ ಅಲ್ಲಿ ಕೂತು ಮಾತಾಡಬಹುದಿತ್ತು. 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು, ಆಮೇಲೆ ಮನೆಗಳಲ್ಲಿ ನೆಂಟರನ್ನ ಕೂರಿಸೋ ರೂಮಾಯ್ತು, ನಮ್ಮ ಪಡಸಾಲೆ ಇದ್ದಂಗೆ. 19ನೇ ಶತಮಾನದಲ್ಲಿ ಅಮೆರಿಕದ ಅಂಗಡಿಯವರು ಗೌರವಸ್ಥರ ಜಾಗ ಅನ್ನಿಸಲಿ ಅಂತ ಅದೇ ಹೆಸರು ಎತ್ಕೊಂಡು ಐಸ್‌ಕ್ರೀಂ ಪಾರ್ಲರ್ ಮಾಡಿದ್ರು, ಹೆಣ ಇಡೋ ಕಡೆಗೂ ಪಾರ್ಲರ್ ಅಂದ್ರು. ಮಾತು ಅನ್ನೋ ಅರ್ಥ ಅಷ್ಟರಲ್ಲೇ ಹೋಗಿತ್ತು. ನಂದಿನಿ ಪಾರ್ಲರಲ್ಲಿ ಹಾಲಿನ ಪ್ಯಾಕೆಟ್ ಕೊಳ್ಳೋಕೆ ಹೋಗ್ತೀವಿ, ಹರಟೆಗಲ್ಲ. ಬೇರಲ್ಲಿ ಇದ್ದ ಅರ್ಥಾನ ಬೋರ್ಡ್ ಮೇಲೆ ಬರೆದ್ರೆ ಹುಬ್ಬು ತೀಡಿಸ್ಕೊಳ್ಳೋಕೆ ಬಂದ ಹೆಂಗಸರಿಗೆ ಅದು ಯಾವ ಅಂಗಡಿ ಅಂತ ಹೆಂಗೆ ಗೊತ್ತಾಗಬೇಕು?

ಇನ್ನು ‘ಸೌಂದರ್ಯ ಮಂದಿರ’ ಬರೆಸಿದ್ರೆ ಶುದ್ಧ ಕನ್ನಡ ಅಂತ ಎಲ್ರೂ ಒಪ್ತಾರೆ, ಆದ್ರೆ ಎರಡೂ ಪದ ಸಂಸ್ಕೃತದ್ದೇ. ಅಲ್ಲಿಂದ ತಂದ್ರೆ ಆಸ್ತಿ, ಇಂಗ್ಲಿಷಿಂದ ತಂದ್ರೆ ಸಾಲ ಅನ್ನೋ ಲೆಕ್ಕ ನಾನು ಒಪ್ಪಲ್ಲ. ಪೋರ್ಚುಗೀಸರ ಅಲ್ಮೇರಾ ಮನೆಮನೇಲಿದೆ, ಅದನ್ನ ಯಾರೂ ಹೊರಗೆ ಹಾಕಿಲ್ಲ.

ಬೋರ್ಡಿಗೆ ನನ್ನ ಮತ: ದೊಡ್ಡದಾಗಿ ‘ಸಿಂಗಾರ’, ಕೆಳಗೆ ಕನ್ನಡ ಅಕ್ಷರದಲ್ಲೇ ‘ಬ್ಯೂಟಿ ಪಾರ್ಲರ್’. ಬರೆಯೋವಾಗ ಪಕ್ಕದಲ್ಲೇ ನಿಂತಿರಿ, ‘ಬ್ಯುಟಿ’ ಅಂತ ದೀರ್ಘ ನುಂಗಿಬಿಡ್ತಾರೆ, ಅರ್ಕಾವತ್ತನ್ನೂ ಒಂದ್ಸಲ ನೋಡ್ಕೊಳ್ಳಿ.