ಬೇಸ್ ಗಿಟಾರಿನ ವಾಲ್ವ್ ಪ್ರೀಆಂಪ್: ಗುಂಯ್‌ ಅಂತೈತಿ, ದಪ್ಪ ತಂತಿ ದನಿ ತೆಳು

ನಾಲ್ಕುತಂತಿ, ಹುಬ್ಬಳ್ಳಿ

ಬೇಸ್ ಗಿಟಾರಿಗೆ ಪ್ರೀಆಂಪ್ (ಆಂಪ್ಲಿಫೈಯರಿಗಿಂತ ಮೊದಲು ದನಿ ಏರಿಸೋ ಸರ್ಕೀಟು) ಕಟ್ಟೇನಿ. ಒಂದ ಇಸಿಸಿ83 ವಾಲ್ವ್ (ಗಾಜಿನ ನಳಿಗಿ, ಒಳಗ ಎರಡು ಅರ್ಧ), ಎರಡು ಸ್ಟೇಜ್. 12 ವೋಲ್ಟ್, 1 ಆಂಪಿಯರಿನ ಎರಡು ಟ್ರಾನ್ಸ್‌ಫಾರ್ಮರ್ ಬೆನ್ನಿಗೆ ಬೆನ್ನು ಹಚ್ಚೇನಿ. ಮೊದಲನೇದರ 12 ವೋಲ್ಟ್ ಹೀಟರಿಗೂ (ವಾಲ್ವ್ ಕಾಯಿಸೋ ತಂತಿ, 4, 5ನೇ ಪಿನ್) ಹೋಗತೈತಿ, ಎರಡನೇ ಟ್ರಾನ್ಸ್‌ಫಾರ್ಮರಿಗೂ ಹೋಗತೈತಿ. ಬ್ರಿಜ್ (ಎ.ಸಿ.ನ ಡಿ.ಸಿ. ಮಾಡೋ ಡಯೋಡ್) ಆದ ಮ್ಯಾಲ 47 ಮೈಕ್ರೊಫ್ಯಾರಡ್, 10 ಕೆ (ಕಿಲೊ ಓಮ್), ಮತ್ತ 22 ಮೈಕ್ರೊ.

ಅಳತಿ: ಮೊದಲನೇ ಕೆಪಾಸಿಟರಿನ್ಯಾಗ 268 ವೋಲ್ಟ್, ಎರಡನೇದರಾಗ 253.
1ನೇ ಸ್ಟೇಜ್: ಪ್ಲೇಟಿಗೆ (ದನಿ ಹೊರಗ ಬರೋ ತುದಿ) 100 ಕೆ, ಕ್ಯಾಥೋಡಿಗೆ (ಇಲೆಕ್ಟ್ರಾನ್ ಬಿಡೋ ತುದಿ) 2.7 ಕೆ ಮತ್ತ 0.68 ಮೈಕ್ರೊ. ಪ್ಲೇಟ್ 193, ಕ್ಯಾಥೋಡ್ 1.62.
2ನೇ ಸ್ಟೇಜ್: 100 ಕೆ, 1.5 ಕೆ, 22 ಮೈಕ್ರೊ. ಪ್ಲೇಟ್ 167, ಕ್ಯಾಥೋಡ್ 1.29.
ನಡುವ 22 ನ್ಯಾನೊ, 1 ಮೆಗ್ ವಾಲ್ಯೂಮ್. ಔಟ್‌ಪುಟಿಗೂ 22 ನ್ಯಾನೊ. ಮುಂದ 10 ಕೆ ಇನ್‌ಪುಟಿನ ಪಿ.ಎ. (ಸಭೆ-ಸಮಾರಂಭದ ಮೈಕಿನ) ಆಂಪ್ಲಿಫೈಯರ್.

ಗಿಟಾರ್ ಹಚ್ಚದಿದ್ರೂ ಹಮ್ (ಗುಂಯ್ ಅನ್ನೋ ಸದ್ದು) ಐತಿ, ವಾಲ್ಯೂಮ್ ಏರಿಸಿದಂಗ ಏರತೈತಿ. ಸೊನ್ನಿಗೆ ತಂದ್ರೂ ಒಂದೀಟು ಗರಗರ ಉಳೀತೈತಿ. ಇ ತಂತಿಗೆ ದಮ್ಮ ಇಲ್ಲ. ಬ್ಯಾರೆ ವಾಲ್ವ್ ತರಿಸಬೇಕೇನ್ರಿ?

ಹಳೆರೇಡಿಯೊ, ಧಾರವಾಡ

ವಾಲ್ವಿಗೆ ರೊಕ್ಕ ಹಾಕಬ್ಯಾಡ್ರಿ. 253ರಾಗ 193 ಕಳೀರಿ, 60 ವೋಲ್ಟ್. 100 ಕೆದಾಗ 60 ವೋಲ್ಟ್ ಅಂದ್ರ 0.6 ಮಿಲಿಆಂಪಿಯರ್, ಅದು 2.7 ಕೆ ಒಳಗ ಹಾದರ 1.62 ವೋಲ್ಟ್. ನೀವು ಬರದದ್ದೂ ಅಷ್ಟ ಅದ. ಎರಡನೇ ಸ್ಟೇಜೂ ಹಂಗ ತಾಳಿ ಆಗ್ತದ. ಡಿ.ಸಿ. ಬರೋಬ್ಬರಿ ಅದ.

ಮೊದಲು ಹಮ್ಮಿನ ಸ್ವರ ಹಿಡೀರಿ. ಬೇಸಿನ ಖುಲ್ಲಾ ಜಿ ತಂತಿ 98 ಹರ್ಟ್ಜ್. ಇ ತಂತಿ ಮೂರನೇ ಫ್ರೆಟ್ 49. ಹಮ್ ಮೂರನೇ ಫ್ರೆಟ್ಟಿಗೆ ಕೂಡಿದ್ರ 50 ಹರ್ಟ್ಜ್: ಹೀಟರ್, ಇಲ್ಲಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಖುಲ್ಲಾ ಜಿ-ಗೆ ಕೂಡಿ, ಕರಕರ ಅನ್ನೋಹಂಗಿದ್ರ 100: ಬ್ರಿಜ್ಜಿನ ರಿಪಲ್ (ಡಿ.ಸಿ.ಯೊಳಗ ಉಳಿದ ಏರಿಳಿತ), ಇಲ್ಲಾ ಗ್ರೌಂಡ್ ವೈರಿಂಗ್. ಧಾರವಾಡದಾಗ ಪೇಟಿಗೇನು (ಹಾರ್ಮೋನಿಯಂ) ಬರ ಇಲ್ಲ, ಆದ್ರ ಇದಕ್ಕ ಕೈಯಾಗಿನ ಬೇಸ್ ಸಾಕು.

ಇನ್ನೊಂದು: 9ನೇ ಪಿನ್ ಎಲ್ಲಿಗೆ ಹಚ್ಚೀರಿ?

ನಾಲ್ಕುತಂತಿ, ಹುಬ್ಬಳ್ಳಿ

ವಾಲ್ಯೂಮ್ ಏರಿಸಿದಾಗ ಮೂರನೇ ಫ್ರೆಟ್ಟಿಗೆ ಬರೋಬ್ಬರಿ ಕೂಡತೈತಿ. ಸೊನ್ನಿಯೊಳಗ ಉಳಿಯೋದು ಜಿ. 9ನೇ ಪಿನ್ ಖಾಲಿ ಬಿಟ್ಟೇನಿ ಸರ.

ಹಳೆರೇಡಿಯೊ, ಧಾರವಾಡ

ಅಂದ್ರ ಎರಡು ಬ್ಯಾರೆ ಬ್ಯಾರೆ ರೋಗ.

50 ಹರ್ಟ್ಜಿನದು: ನಿಮ್ಮ ಹೀಟರ್ ವೈಂಡಿಂಗ್ ಗ್ರೌಂಡಿಗೆ ಎಲ್ಲೂ ಕಟ್ಟಿಲ್ಲ, ತೇಲಾಡ್ಲಿಕ್ಕತ್ತದ. ಅದಕ್ಕ ಹೀಟರಿಂದ ಕ್ಯಾಥೋಡಿಗೂ ಗ್ರಿಡ್ಡಿಗೂ (ದನಿ ಒಳಗ ಹೋಗೋ ತುದಿ) 50 ಹರ್ಟ್ಜ್ ಸೋರ್ತದ. 4 ಮತ್ತ 5ಕ್ಕ 12 ವೋಲ್ಟ್ ಕೊಟ್ಟಾಗ 9ನೇ ಪಿನ್ ಹೀಟರಿನ ನಟ್ಟನಡುವಿನ ಬಿಂದು. ಅದನ್ನ ಗ್ರೌಂಡಿಗೆ ಹಾಕಿದ್ರ ಮುಕ್ಕಾಲು ಪಾಲು ಹೋಗ್ತದ. ಇನ್ನೂ ಚಲೋ ಆಗಬೇಕಂದ್ರ 268 ವೋಲ್ಟಿನಿಂದ 220 ಕೆ (1 ವ್ಯಾಟ್), ಅದರ ಕೆಳಗ ಗ್ರೌಂಡಿಗೆ 33 ಕೆ, ಆ 33 ಕೆ ಮ್ಯಾಲ 22 ಮೈಕ್ರೊ 63 ವೋಲ್ಟ್ ಹಾಕ್ರಿ. ನಡುವ 35 ವೋಲ್ಟ್ ಸಿಗ್ತದ. 9ನೇ ಪಿನ್ ಅಲ್ಲಿಗೆ. ಹೀಟರ್ ಯಾವಾಗ್ಲೂ ಕ್ಯಾಥೋಡಿಗಿಂತ ಮ್ಯಾಲಿರ್ತದ, ಹಿಂಗಾಗಿ ಅದರಿಂದ ಇಲೆಕ್ಟ್ರಾನ್ ಕ್ಯಾಥೋಡಿಗೆ ಹಾರಂಗಿಲ್ಲ. 12 ವೋಲ್ಟಿನ ಯಾವ ತುದಿನೂ ಗ್ರೌಂಡಿಗೆ ಮುಟ್ಟಿರಬಾರದು, ಮುಟ್ಟಿದ್ರ, 9ನೇ ಪಿನ್ ನೇರ ಗ್ರೌಂಡಿಗಿದ್ದಾಗ ಅರ್ಧ ಹೀಟರ್ ಶಾರ್ಟ್ ಆಗ್ತದ, ಇಲ್ಲಾ ಆ 35 ವೋಲ್ಟ್ ಉಳಿಯಂಗಿಲ್ಲ. ಹೀಟರ್ ವೈರ್ ಬಿಗಿಯಾಗಿ ಹೊಸೆದು ಚಾಸಿಯ (ಲೋಹದ ಡಬ್ಬಿ) ಮೂಲ್ಯಾಗ ಒಯ್ರಿ. ಗ್ರಿಡ್ (2ನೇ ಪಿನ್) ಬುಡಕ್ಕ 68 ಕೆ ಇರಲಿ.

ದಪ್ಪ ತಂತಿದು: 0.68 ಮೈಕ್ರೊ ಗಿಟಾರಿನವರ ಅಳತಿ. ಸುಮಾರು 230 ಹರ್ಟ್ಜಿನಿಂದ ಕೆಳಗ ಗೇನ್ (ದನಿ ಏರಿಸೋ ಪ್ರಮಾಣ) ಇಳೀತದ, ತಳಕ್ಕ ಬರೋದ್ರಾಗ 8 ಡೆಸಿಬೆಲ್ ಕಡಿಮಿ. 22 ಮೈಕ್ರೊ 25 ವೋಲ್ಟ್ ಹಾಕ್ರಿ. ಆದ್ರ ದೊಡ್ಡ ಕಳ್ಳ ಔಟ್‌ಪುಟಿನ 22 ನ್ಯಾನೊ. ಪ್ಲೇಟಿನ ಒಳರೋಧ 38 ಕೆ, ಪಿ.ಎ. 10 ಕೆ, ಕೂಡಿ 48. ಕಟ್‌ಆಫ್ 150 ಹರ್ಟ್ಜ್ ಬೀಳ್ತದ, ಅದರ ಕೆಳಗಿನ ದನಿ ಕಡಿಮಿ ಆಗ್ತದ. ಇ ತಂತಿ ಇರೋದು 41ಕ್ಕ!

ಗದಗಿನ ಸೋಲ್ಡರ್

100 ಹರ್ಟ್ಜಿಂದು ಗ್ರೌಂಡ್ ವೈರಿಂಗ್ ಇರಬೇಕು. ಚಾಸಿಗೆ ಎಲ್ಲಿ ಬೇಕಾದಲ್ಲಿ ಸೋಲ್ಡರ್ ಹಾಕೀರೇನು? ಬ್ರಿಜ್ಜಿನ ಮೈನಸ್ ನೇರ 47 ಮೈಕ್ರೊದ ಮೈನಸ್ಸಿಗೇ ಹೋಗಬೇಕು. ಚಾರ್ಜ್ ಆಗುವ ಹೊಡ್ತ ಎಲ್ಲಾ ಆ ತುಂಡು ವೈರಿನ್ಯಾಗ ಇರಲಿ. ಅಲ್ಲಿಂದ ಒಂದ ವೈರು 22 ಮೈಕ್ರೊಕ್ಕ, ಮುಂದ 2ನೇ ಸ್ಟೇಜ್, ಆಮ್ಯಾಲ 1ನೇ ಸ್ಟೇಜ್, ಕೊನೀಗೆ ಇನ್‌ಪುಟ್ ಜ್ಯಾಕ್. ಚಾಸಿಗೆ ಜ್ಯಾಕಿನ ಹತ್ರ ಒಂದ ಕಡೆ ಅಷ್ಟ.

ಕರೆಂಟ್ ಪ್ಲಗ್ಗಿನ ಮೂರನೇ ಪಿನ್ನಿನ ಅರ್ಥಿಂಗ್ ಚಾಸಿಗೆ ಬ್ಯಾರೆ ಬೋಲ್ಟಿನಿಂದ. ಹಮ್ ಹೋಗಲಿ ಅಂತ ಆ ಪಿನ್ ಕತ್ತರಿಸೋರು ಅದಾರ. ಅದು ಜೀವದ ಮ್ಯಾಲ ಬರೋ ಕೆಲಸ. ಒಳಗ ಕೈ ಹಾಕೋ ಮುಂಚೆ ಪ್ಲಗ್ ಕಿತ್ತು, 47 ಮೈಕ್ರೊ ಮ್ಯಾಲ ಮೀಟರ್ ಇಟ್ಟು 10 ವೋಲ್ಟಿನ ಕೆಳಗ ಬಂದದ್ದು ನೋಡ್ರಿ. ಹಳೆ ಟಿ.ವಿ. ಬೋರ್ಡಿನಿಂದ ಕಿತ್ತ ಕೆಪಾಸಿಟರ್ ಇದ್ರ ಅವನ್ನೂ ಬದಲಿ ಮಾಡ್ರಿ, ಒಣಗಿರ್ತಾವ.

ನಾಲ್ಕುತಂತಿ, ಹುಬ್ಬಳ್ಳಿ

9ನೇ ಪಿನ್ 35 ವೋಲ್ಟಿಗೆ ಹಾಕಿದೆ, 50 ಹರ್ಟ್ಜ್ ಹೋತು. ಗ್ರೌಂಡ್ ತಿರುಗಿ ಕಟ್ಟಿದ ಮ್ಯಾಲ ಗರಗರನೂ ಇಲ್ಲ. ಔಟ್‌ಪುಟಿಗೆ 470 ನ್ಯಾನೊ, ಈಗ ಇ ತಂತಿ ಬರೋಬ್ಬರಿ. ಆದ್ರ ಒಟ್ಟು ದನಿ ಸಣ್ಣದು.

ಹಳೆರೇಡಿಯೊ, ಧಾರವಾಡ

38 ಕೆ-ಗೆ 10 ಕೆ ಕಟ್ಟಿದ್ರ ಐದರಾಗ ಒಂದು ಪಾಲು ಉಳೀತದ. ಇಸಿಸಿ82ದ ಅರ್ಧ ವಾಲ್ವಿನಿಂದ ಕ್ಯಾಥೋಡ್ ಫಾಲೋವರ್ (ದನಿ ಏರಿಸದೆ ಒಳರೋಧ ಅಷ್ಟ ಇಳಿಸೋ ಸ್ಟೇಜ್) ಕಟ್ರಿ: ಗ್ರಿಡ್ ನೇರ 167 ವೋಲ್ಟಿನ ಪ್ಲೇಟಿಗೆ, ಕ್ಯಾಥೋಡಿಗೆ 47 ಕೆ 2 ವ್ಯಾಟ್, ಅದರ ಪ್ಲೇಟ್ 268 ವೋಲ್ಟಿಗೆ. 253ರ ಮ್ಯಾಲ ಹೊರೆ ಹಾಕಬ್ಯಾಡ್ರಿ, 10 ಕೆದಾಗ ಇನ್ನೂ 36 ವೋಲ್ಟ್ ಇಳೀತದ. ಇದರ ಕ್ಯಾಥೋಡ್ 170ರ ಹತ್ರ ಕೂಡ್ತದ, ಹೀಟರಿಗೂ ಕ್ಯಾಥೋಡಿಗೂ ನಡುವಿನ ಮಿತಿ 180. ಹೀಟರ್ 35ಕ್ಕ ಇದ್ರ ಅಂತರ 135 ಅಷ್ಟ, ಇಲ್ಲಿ ಆ 35 ವೋಲ್ಟ್ ಎರಡನೇ ಸಲ ಕೆಲಸಕ್ಕ ಬಂತು.

ಈಗ ಒಳರೋಧ ಇಳಿದದ್ದಕ್ಕ 470 ನ್ಯಾನೊ ಸಾಲಂಗಿಲ್ಲ. 2.2 ಮೈಕ್ರೊ 400 ವೋಲ್ಟ್ ಫಿಲ್ಮ್ ಹಾಕಿ, ಅದರ ಮುಂದ ಗ್ರೌಂಡಿಗೆ 100 ಕೆ. ಸ್ವಿಚ್ ಹಾಕಿದಾಗ ಅದು ಚಾರ್ಜ್ ಆಗ್ತ ಧಡ್ ಅಂತದ. ಪ್ರೀಆಂಪ್ ಕಾಯ್ದ ಮ್ಯಾಲ ಪಿ.ಎ. ಚಾಲೂ ಮಾಡ್ರಿ, ಬಂದ್ ಮಾಡುವಾಗ ಪಿ.ಎ. ಮೊದಲು.